ತಲೆಯ ಮೇಲಿನ ಬುಟ್ಟಿ ಇಳಿಸಿದ ಮಂತ್ರಿ

ಬಿ. ಬಸವಲಿಂಗಪ್ಪ ಎಂದೊಡನೆ ಓದುಬರಹ ಬಲ್ಲ ಕನ್ನಡಿಗರಿಗೆ ಇಂದಿಗೂ ಮೊದಲು ನೆನಪಾಗುವುದು ‘ಬೂಸಾ’ ಎಂಬ ಒಂದೇ ಪದ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಅವರು ಆಡಿದ ಆ ಮಾತು ಒಂದು ಪ್ರಕರಣವಾಯಿತು, ಚಳವಳಿಯಾಯಿತು, ಸಾಹಿತ್ಯ ಚರಿತ್ರೆಯ ಅಧ್ಯಾಯವೂ ಆಯಿತು. ಅದೇ ಕಾಲದಲ್ಲಿ, ಅದೇ ಮನುಷ್ಯ, ಪೌರಾಡಳಿತ ಸಚಿವರಾಗಿ ತೆಗೆದುಕೊಂಡ ಒಂದು ತೀರ್ಮಾನವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಕರ್ನಾಟಕದ ಊರುಗಳಲ್ಲಿ ಮನುಷ್ಯರ ಮಲವನ್ನು ಮನುಷ್ಯರು ತಲೆಯ ಮೇಲೆ ಹೊತ್ತು ಸಾಗಿಸುವುದನ್ನು ನಿಷೇಧಿಸಿದ ತೀರ್ಮಾನವದು. ಊರಿನ ಸ್ವಚ್ಛತೆಯ ಬಗ್ಗೆ ನಮ್ಮಲ್ಲಿ ಆಗಾಗ ಉತ್ಸಾಹ ಉಕ್ಕುತ್ತದೆ. ಶ್ರೇಯಾಂಕಗಳು ಪ್ರಕಟವಾಗುತ್ತವೆ, ಪೊರಕೆ ಹಿಡಿದ ಗಣ್ಯರ ಛಾಯಾಚಿತ್ರಗಳು ಅಚ್ಚಾಗುತ್ತವೆ. ಊರನ್ನು ಗುಡಿಸುವವರು ಯಾರು, ಅವರು ಯಾವ ಷರತ್ತಿನ ಮೇಲೆ ಗುಡಿಸುತ್ತಾರೆ ಎಂಬ ಪ್ರಶ್ನೆಯನ್ನು ಅಧಿಕಾರದ ಸ್ಥಾನದಲ್ಲಿ ಕುಳಿತು ಕೇಳಿದವರು ಕಡಿಮೆ. ಬಸವಲಿಂಗಪ್ಪನವರು ಆ ಕೆಲವರಲ್ಲಿ ಒಬ್ಬರು.

ಅವರ ಕಾಲದ ಊರು ಹೇಗಿತ್ತೆಂಬುದನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಕಷ್ಟ. ತುಮಕೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿಂಬದಿಗೆ ಸಣ್ಣದೊಂದು ಓಣಿ ಇರುವುದನ್ನು ಹಲವರು ಗಮನಿಸಿರಬಹುದು. ಜನ ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಈಗ ಅಲ್ಲಿ ಕೆಟ್ಟುನಿಂತ ಸ್ಕೂಟರುಗಳಿವೆ, ಒಳಚರಂಡಿಯ ಮುಚ್ಚಳಗಳಿವೆ. ಆ ಓಣಿ ಹುಟ್ಟಿದ್ದು ಬೇರೆಯದೇ ಉದ್ದೇಶಕ್ಕೆ. 1898ರ ಪ್ಲೇಗಿನ ಸುಮಾರಿಗೆ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಯೋಜಿಸಿದಾಗ ಗಾಳಿ ಬೆಳಕಿನ ಜೊತೆಗೆ ಈ ಹಿಂದಣ ಓಣಿಗಳಿಗೂ ಜಾಗ ಬಿಡಲಾಯಿತು. ಆಮೇಲೆ ಬೇರೆ ಊರುಗಳೂ ಆ ನಕ್ಷೆಯನ್ನು ಅನುಸರಿಸಿದವು. ಹಿತ್ತಿಲ ಮೂಲೆಯಲ್ಲಿ ಕಕ್ಕಸು, ಅದರ ಕೆಳಗೆ ಬುಟ್ಟಿ ಅಥವಾ ತಗಡಿನ ಡಬ್ಬ, ಓಣಿಯ ಕಡೆಗೆ ತೆರೆಯುವ ಒಂದು ಸಣ್ಣ ಬಾಗಿಲು. ನಸುಕಿನಲ್ಲಿ ಜಾಡಮಾಲಿ, ಬಹಳ ಕಡೆ ಹೆಂಗಸು, ಆ ಬಾಗಿಲಿನಿಂದ ಬುಟ್ಟಿಯನ್ನೆಳೆದು ತನ್ನ ಮಂಕರಿಗೆ ಸುರಿದುಕೊಂಡು ತಲೆಯ ಮೇಲಿಟ್ಟು ಹೊರಡಬೇಕು. ಮಳೆಗಾಲದಲ್ಲಿ ಅದು ಸೋರಿ ಮುಖದ ಮೇಲೆ ಇಳಿಯುತ್ತಿತ್ತು. ಮನೆಯವರು ಎದ್ದು ಬಾಗಿಲಿಗೆ ನೀರು ಹಾಕುವಷ್ಟರಲ್ಲಿ ಆಕೆ ಮರೆಯಾಗಿರಬೇಕು. ಊರಿನ ನಕ್ಷೆಯೇ ಆಕೆಯನ್ನು ಕಣ್ಣಿಗೆ ಬೀಳದಂತೆ ಇಡುವ ಉಪಾಯವಾಗಿತ್ತು.

ಮೈಸೂರು ಸಂಸ್ಥಾನದಲ್ಲಿ ಊರಿನ ಸ್ವಚ್ಛತೆಗೆ ಹೆಸರಾದವರು ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ದಿವಾನರಾಗಿದ್ದ ಅವರು ಬೀದಿ, ಉದ್ಯಾನ, ದೀಪ, ಚರಂಡಿಗಳನ್ನು ಖುದ್ದಾಗಿ ತಿರುಗಿ ನೋಡುತ್ತಿದ್ದರು. ಅವರು ಬರುತ್ತಾರೆಂದರೆ ಪುರಸಭೆಗಳು ನಡುಗುತ್ತಿದ್ದವು. ಆ ಕೀರ್ತಿ ಅವರಿಗೆ ಸಲ್ಲತಕ್ಕದ್ದೇ. ಆದರೆ ಆ ಸೊಗಸಿನ ಬೀದಿಗಳ ಹಿಂದಿನ ಓಣಿಗಳಲ್ಲಿ ಮಂಕರಿ ಹೊತ್ತವರ ಸಾಲು ನಿಲ್ಲಲಿಲ್ಲ. ಮುಂಬಾಗಿಲಿನ ಅಂದವನ್ನು ದಿವಾನರು ನೋಡಿಕೊಂಡರು. ಹಿಂಬಾಗಿಲಿನ ವಿಷಯ ಸರ್ಕಾರದ ಮಟ್ಟದಲ್ಲಿ ಗಟ್ಟಿಯಾಗಿ ಎತ್ತಲ್ಪಡಲು ಇನ್ನೂ ಮೂರು ದಶಕ ಕಾಯಬೇಕಾಯಿತು.

ಬಸವಲಿಂಗಪ್ಪ ಹುಟ್ಟಿದ್ದು 1924ರಲ್ಲಿ, ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ, ಅಸ್ಪೃಶ್ಯವೆನಿಸಿಕೊಂಡ ಜಾತಿಯಲ್ಲಿ. ಅಂಥ ಮನೆಯ ಹುಡುಗನೊಬ್ಬ ಆ ಕಾಲದಲ್ಲಿ ಕಾನೂನು ಓದಿ ವಕೀಲನಾಗುವುದು ಸಣ್ಣ ಮಾತಲ್ಲ. ಅಂಬೇಡ್ಕರರ ವಿಚಾರಗಳು ಅವರನ್ನು ರೂಪಿಸಿದವು, ಆದರೆ ರಾಜಕಾರಣ ಮಾಡಿದ್ದು ಕಾಂಗ್ರೆಸ್ಸಿನಲ್ಲಿ. ಈ ಎರಡರ ನಡುವಿನ ಎಳೆದಾಟ ಅವರ ಇಡೀ ಸಾರ್ವಜನಿಕ ಬದುಕಿನಲ್ಲಿ ಕಾಣುತ್ತದೆ. ಗಾಂಧೀಜಿ 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ತಾವೇ ಪೊರಕೆ ಹಿಡಿದು ಕಕ್ಕಸು ತೊಳೆದವರು. ಆ ಕೆಲಸಕ್ಕೆ ಸೇವೆಯ ಘನತೆ ತರಲು ಜೀವನಪೂರ್ತಿ ಯತ್ನಿಸಿದವರು. ಅಂಬೇಡ್ಕರರ ನಿಲುವು ಬೇರೆ. ಹುಟ್ಟಿನಿಂದ ಅಂಟಿದ ಕಸುಬಿಗೆ ಘನತೆ ತುಂಬುವುದಕ್ಕಿಂತ ಅದರಿಂದ ಬಿಡುಗಡೆ ಪಡೆಯುವುದೇ ಮುಖ್ಯವೆಂದು ಅವರು ವಾದಿಸಿದರು. ಬಸವಲಿಂಗಪ್ಪನವರದು ಗಾಂಧೀಜಿಯ ಪಕ್ಷ, ಅಂಬೇಡ್ಕರರ ಪ್ರಶ್ನೆ.

1972ರ ಮಾರ್ಚಿನಲ್ಲಿ ದೇವರಾಜ ಅರಸು ಮುಖ್ಯಮಂತ್ರಿಗಳಾದರು. ಭೂಸುಧಾರಣೆ, ಹಾವನೂರು ಆಯೋಗ, ಜೀತ ವಿಮುಕ್ತಿಗಳಿಂದ ನಾವು ಆ ಸರ್ಕಾರವನ್ನು ಗುರುತಿಸುತ್ತೇವೆ. ಆ ಸಂಪುಟದಲ್ಲಿ ಪೌರಾಡಳಿತ ಖಾತೆ ಬಸವಲಿಂಗಪ್ಪನವರ ಪಾಲಿಗೆ ಬಂತು. ಅಂದಿನ ಲೆಕ್ಕದಲ್ಲಿ ಅದೇನೂ ಭಾರಿ ಖಾತೆಯಲ್ಲ. ಪುರಸಭೆಗಳ ಜಗಳ, ಕಂದಾಯ ಬಾಕಿ, ನಲ್ಲಿ ನೀರಿನ ದೂರು, ಇಷ್ಟರಲ್ಲೇ ಕಾಲ ಕಳೆಯಬಹುದಾದ ಇಲಾಖೆ. ಬಸವಲಿಂಗಪ್ಪನವರು ಅದನ್ನು ಬೇರೆ ಕಣ್ಣಿನಿಂದ ನೋಡಿದರು. ಮಲ ಹೊರುವ ಕೆಲಸದ ಯಜಮಾನ ಯಾವುದೋ ಅಮೂರ್ತ ಸಮಾಜವಾಗಿರಲಿಲ್ಲ. ಸಂಬಳ ಕೊಡುತ್ತಿದ್ದದ್ದು ಪುರಸಭೆ, ಹಾಜರಿ ಹಾಕುತ್ತಿದ್ದವನು ಪುರಸಭೆಯ ದಫೇದಾರ. ಎಂದರೆ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿ ಎರಡು ದಶಕ ಕಳೆದ ಮೇಲೂ ಸರ್ಕಾರವೇ ಒಂದು ಜಾತಿಯ ಜನರನ್ನು ಆ ಕೆಲಸಕ್ಕೆ ನೇಮಿಸಿಕೊಂಡು ಸಂಬಳದ ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಪೌರಾಡಳಿತ ಸಚಿವನ ಕೈಯಲ್ಲಿ ಎಲ್ಲರ ಮನಸ್ಸನ್ನು ತಿದ್ದುವ ಅಧಿಕಾರವಿರಲಿಲ್ಲ. ಈ ಪಟ್ಟಿಯನ್ನು ತಿದ್ದುವ ಅಧಿಕಾರ ಮಾತ್ರ ಇತ್ತು.

ಸಮಿತಿಗಳು ಅದಾಗಲೇ ಬೇಕಾದಷ್ಟು ಆಗಿದ್ದವು. ಮುಂಬಯಿ ಪ್ರಾಂತ್ಯದ ಬರ್ವೆ ಸಮಿತಿ 1949ರಲ್ಲಿ ನೇಮಕವಾಗಿತ್ತು. 1957ರಲ್ಲಿ ರಚನೆಯಾದ ಮಲ್ಕಾನಿ ಸಮಿತಿ 1960ರಲ್ಲಿ ವರದಿ ಕೊಟ್ಟು, ತಲೆಹೊರೆ ನಿಲ್ಲಬೇಕು, ಕೈಗಾಡಿ ಕೊಡಬೇಕು, ಕಕ್ಕಸುಗಳ ವಿನ್ಯಾಸ ಬದಲಾಗಬೇಕು ಎಂದಿತ್ತು. ಆ ಮೇಲೆ ಪಾಂಡ್ಯ ಸಮಿತಿ. ವರದಿಗಳು ರಾಜ್ಯಗಳಿಗೆ ಬಂದವು, ಸುತ್ತೋಲೆಗಳಾಗಿ ಪುರಸಭೆಗಳಿಗೆ ಹೋದವು, ಅಲ್ಲಿನ ಕಪಾಟುಗಳಲ್ಲಿ ನಿದ್ರಿಸಿದವು. ಸರ್ಕಾರಿ ಸೇವೆಯಲ್ಲಿ ಕೆಲವು ಕಾಲ ಕಳೆದವರಿಗೆ ಈ ಬಗೆಯ ಸುತ್ತೋಲೆಯ ಭಾಷೆ ಚೆನ್ನಾಗಿ ಗೊತ್ತು. ಅದರಲ್ಲಿ ಕ್ರಮ ಕೈಗೊಳ್ಳತಕ್ಕದ್ದು ಎಂದಿರುತ್ತದೆ. ಯಾರು, ಯಾವ ದಿನಾಂಕದೊಳಗೆ, ಯಾವ ಹಣದಿಂದ ಎಂಬುದು ಇರುವುದಿಲ್ಲ.

ಎಪ್ಪತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ನಿಷೇಧ ಇದಕ್ಕಿಂತ ಭಿನ್ನವಾಗಿತ್ತು. ಮಲವನ್ನು ತಲೆಯ ಮೇಲೆ ಹೊರುವಂತಿಲ್ಲ, ಹೊರಿಸುವಂತಿಲ್ಲ ಎಂಬುದು ಶಿಫಾರಸಾಗದೆ ಆಜ್ಞೆಯಾಯಿತು. ದೇಶದ ಸಂಸತ್ತು ಈ ಬಗ್ಗೆ ಶಾಸನ ಮಾಡಿದ್ದು 1993ರಲ್ಲಿ ಎಂಬುದನ್ನು ನೆನೆದರೆ, ರಾಜ್ಯವೊಂದು ಸುಮಾರು ಇಪ್ಪತ್ತು ವರ್ಷ ಮುಂಚೆಯೇ ಇಟ್ಟ ಈ ಹೆಜ್ಜೆಯ ತೂಕ ತಿಳಿಯುತ್ತದೆ.

ಆಜ್ಞೆಯಿಂದಲೇ ಬುಟ್ಟಿ ಇಳಿಯಿತೆಂದು ನಾನು ಹೇಳುವುದಿಲ್ಲ. ಅರ್ಥಶಾಸ್ತ್ರ ಓದಿದವನಿಗೆ ಆ ಭ್ರಮೆ ಇರಕೂಡದು. ಲಂಡನ್ನಿನಲ್ಲಿ ರಾತ್ರಿಹೊತ್ತು ಮಲ ಸಾಗಿಸುವವರು ಕಾಣೆಯಾದದ್ದು ಮನಃಪರಿವರ್ತನೆಯಿಂದಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ನಾತ ಪಾರ್ಲಿಮೆಂಟಿನ ಕಿಟಕಿಗಳನ್ನು ಮುಟ್ಟಿದ ಮೇಲೆ ಬ್ಯಾಜಲ್‌ಗೆಟ್ ಎಂಬ ಎಂಜಿನಿಯರ್ ಕಟ್ಟಿದ ಒಳಚರಂಡಿಗಳಿಂದ. ಒಳಚರಂಡಿಗೆ ಮೊದಲು ಬೇಕಾದ್ದು ನೀರು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುತ್ತಿದ್ದಾಗ ಕಕ್ಕಸಿಗೆ ಸುರಿಯಲು ನೀರೆಲ್ಲಿ? ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ. ಆ ನೀರು ನಾಲೆಗಳಲ್ಲಿ ಹರಿದು ಈ ಜಿಲ್ಲೆಯನ್ನು ತಲುಪಿ, ಬುಗುಡನಹಳ್ಳಿ ಕೆರೆಯಲ್ಲಿ ನಿಂತು ತುಮಕೂರಿನ ನಲ್ಲಿಗಳಿಗೆ ಬಂದದ್ದು ಇನ್ನೂ ತಡವಾಗಿ. ಒಣ ಕಕ್ಕಸಿನ ಆಯಸ್ಸಿಗೂ ನಲ್ಲಿ ನೀರಿಗೂ ಇದ್ದ ಈ ನಂಟು ಆಜ್ಞೆ ಬರೆದವರಿಗೆ ತಿಳಿಯದ್ದೇನಲ್ಲ.

ಪುರಸಭೆಗಳ ಕಡೆಯಿಂದ ಇನ್ನೊಂದು ತೊಡಕೂ ಇತ್ತು. ಊರಿನ ಮಲ ಮತ್ತು ಕಸವನ್ನು ಗುಂಡಿಗೆ ತುಂಬಿ ಗೊಬ್ಬರ ಮಾಡಿ ಸುತ್ತಲ ರೈತರಿಗೆ ಹರಾಜು ಹಾಕುವುದು ಅವುಗಳಿಗೆ ಆದಾಯದ ಒಂದು ಬಾಬ್ತು. ಆ ಕೆಲಸ ಅಗ್ಗವಾಗಿ ನಡೆಯುತ್ತಿದ್ದದ್ದು ಕೂಲಿ ಅಗ್ಗವಾಗಿದ್ದರಿಂದ. ಕೂಲಿ ಅಗ್ಗವಾಗಿದ್ದದ್ದು ಆ ಜನರಿಗೆ ಬೇರೆ ಯಾವ ಕೆಲಸವನ್ನೂ ಯಾರೂ ಕೊಡುತ್ತಿರಲಿಲ್ಲವಾದ್ದರಿಂದ. ಪಠ್ಯಪುಸ್ತಕಗಳು ಹೇಳುವ ಮುಕ್ತ ಶ್ರಮ ಮಾರುಕಟ್ಟೆ ಇದಲ್ಲ. ಕಷ್ಟದ, ಹೇಸಿಗೆಯ ಕೆಲಸಕ್ಕೆ ಹೆಚ್ಚು ಕೂಲಿ ಸಿಗಬೇಕೆಂಬುದು ಆಡಂ ಸ್ಮಿತ್ ಕಾಲದಿಂದ ಬಂದ ಸಿದ್ಧಾಂತ. ಜಾತಿ ಅದನ್ನು ತಲೆಕೆಳಗು ಮಾಡಿತ್ತು. ತಲೆಹೊರೆಯನ್ನು ಅಪರಾಧವೆಂದು ಸಾರಿದಾಗ ಬಸವಲಿಂಗಪ್ಪನವರು ಈ ಅಗ್ಗದ ಲೆಕ್ಕಕ್ಕೇ ಕೈಹಾಕಿದರು. ಕೈಗಾಡಿ ಕೊಳ್ಳಬೇಕು, ಮನೆಯವರು ಗುಂಡಿ ಕಕ್ಕಸು ಕಟ್ಟಿಕೊಳ್ಳಬೇಕು, ಪುರಸಭೆ ನೀರಿನ ವ್ಯವಸ್ಥೆ ನೋಡಬೇಕು. ವೆಚ್ಚವನ್ನು ಹೊರುವ ತಲೆ ಬದಲಾಯಿತು ಎನ್ನಬಹುದು. ಅವರ ಮೇಲೆ ಹಲವರಿಗೆ ಬಂದ ಸಿಟ್ಟಿನಲ್ಲಿ ಸ್ವಲ್ಪ ಭಾಗ ಇಲ್ಲಿಂದಲೇ ಹುಟ್ಟಿದ್ದೆಂದು ನನ್ನ ಗುಮಾನಿ.

ಆ ಸಿಟ್ಟು ಹೊರಬಿದ್ದದ್ದು ಸಾಹಿತ್ಯದ ಹೆಸರಿನಲ್ಲಿ. ಮೈಸೂರಿನ ಸಭೆಯಲ್ಲಿ ಅವರು ದಲಿತ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಯಿರೆಂದು ಬುದ್ಧಿ ಹೇಳುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನ್ನಾಡಿದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ಮಾತು ಒರಟೇ ಹೌದು, ವಿಮರ್ಶೆಯಾಗಿ ಸಡಿಲವೂ ಹೌದು. ಪಂಪನಿಂದ ಕುವೆಂಪುವರೆಗಿನ ಪರಂಪರೆಯನ್ನು ಒಂದೇ ಪದದಲ್ಲಿ ತೂಗುವುದನ್ನು ಒಪ್ಪಲಾಗದು. ಆದರೆ ಆ ಮಾತಿಗೆ ಬಂದ ಪ್ರತಿಕ್ರಿಯೆ ವಿಮರ್ಶೆಯ ರೂಪದಲ್ಲಿ ಬರಲಿಲ್ಲ. ಕಾಲೇಜುಗಳು ಮುಚ್ಚಿದವು, ಮೆರವಣಿಗೆ ನಡೆದವು, ಮೈಸೂರು ಬೆಂಗಳೂರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಸಾಹಿತ್ಯದ ಬಗ್ಗೆ ಸಚಿವರೊಬ್ಬರು ಆಡಿದ ಮಾತಿಗೆ ಹಾಸ್ಟೆಲಿನ ಹುಡುಗರು ಪೆಟ್ಟು ತಿಂದರು. ಬೆಂಬಲಕ್ಕೆ ನಿಂತ ಕೆಲವರಲ್ಲಿ ಕುವೆಂಪು ಒಬ್ಬರು ಎಂಬುದು ಗಮನಾರ್ಹ. ಹೊಟ್ಟೆಂದು ಹೀಗಳೆಯಲ್ಪಟ್ಟ ಸಾಹಿತ್ಯದ ಅತಿದೊಡ್ಡ ಜೀವಂತ ಕವಿಯೇ ಆಡಿದವನ ನೋವಿಗೆ ಕಿವಿಗೊಟ್ಟರು. ಕೊನೆಗೆ ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಗಲಭೆಯ ಬಿಸಿಯಲ್ಲೇ ದಲಿತ ಯುವಕರು ಸಂಘಟಿತರಾದರು. ದಲಿತ ಸಂಘರ್ಷ ಸಮಿತಿ, ಬಂಡಾಯ ಸಾಹಿತ್ಯಗಳ ಕಥೆ ಅಲ್ಲಿಂದ ಮುಂದುವರಿಯುತ್ತದೆ. ಅದನ್ನು ಬಲ್ಲವರು ಬರೆದಿದ್ದಾರೆ.

ಸಚಿವರು ಹೋದರೂ ವಿಷಯ ಪೂರ್ತಿ ಸತ್ತುಹೋಗಲಿಲ್ಲ. ಪೌರಕಾರ್ಮಿಕರ ಬದುಕು ಮತ್ತು ಕೆಲಸದ ಸ್ಥಿತಿಗತಿಯ ಬಗ್ಗೆ ಐ.ಪಿ.ಡಿ. ಸಾಲಪ್ಪ ಅವರ ನೇತೃತ್ವದ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಪ್ರತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಇರಬೇಕೆಂಬುದು ಅದರ ಪ್ರಸಿದ್ಧ ಶಿಫಾರಸು. ಇಂದಿಗೂ ಪೌರಕಾರ್ಮಿಕರ ಸಂಘಟನೆಗಳು ಬೇಡಿಕೆ ಪಟ್ಟಿ ಬರೆಯುವಾಗ ಸಾಲಪ್ಪ ವರದಿಯನ್ನೇ ಮುಂದಿಡುತ್ತವೆ. ಅದೇ 1976ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ ತಿದ್ದುಪಡಿಯಾಗಿ, ಅಸ್ಪೃಶ್ಯತೆಯ ನೆಪದಲ್ಲಿ ಮಲ ಬಾಚುವ, ಗುಡಿಸುವ ಕೆಲಸಕ್ಕೆ ಒತ್ತಾಯಿಸುವುದೂ ಅಪರಾಧವೆನಿಸಿತು.

ಬಸವಲಿಂಗಪ್ಪನವರು ಮತ್ತೆ ಅಧಿಕಾರಕ್ಕೆ ಬಂದದ್ದು 1978ರಲ್ಲಿ, ಅರಸು ಅವರ ಎರಡನೆಯ ಸಂಪುಟದಲ್ಲಿ, ಕಂದಾಯ ಸಚಿವರಾಗಿ. ಪರಿಶಿಷ್ಟ ಜಾತಿ ಪಂಗಡಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ತಡೆಯುವ, ಪರಭಾರೆಯಾದುದನ್ನು ಮೂಲ ಮಂಜೂರಾತಿದಾರರಿಗೆ ಮರಳಿಸುವ ಪಿಟಿಸಿಎಲ್ ಕಾಯ್ದೆ ಆ ವರ್ಷದ್ದು. ಹೆದ್ದಾರಿ ಹಾದುಹೋಗುವ ಕುಣಿಗಲ್ ಸೀಮೆಯಂಥ ಕಡೆ ಎಕರೆಗೆ ಸಾವಿರಗಳಲ್ಲಿದ್ದ ಬೆಲೆ ಕೋಟಿಗೇರಿದ ಮೇಲೆ ಈ ಕಾಯ್ದೆಯ ಬೆಲೆಯೂ ತಿಳಿಯಿತು. ಉಪವಿಭಾಗಾಧಿಕಾರಿಗಳ ನ್ಯಾಯಾಲಯಗಳಲ್ಲಿ ಅದರಡಿಯ ಪ್ರಕರಣಗಳಿಗೆ ಕೊನೆಯಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ತೀರಾ ತಡವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದೆಂದಿತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿಯನ್ನು ತೆಗೆಯಿತು. ತಲೆಯ ಮೇಲಿನ ಬುಟ್ಟಿಗೂ ಕಾಲಡಿಯ ನೆಲಕ್ಕೂ ಸಂಬಂಧವಿದೆ. ನೆಲವಿಲ್ಲದವನು ಬುಟ್ಟಿ ಬೇಡವೆಂದು ಹೇಳಿ ಎಲ್ಲಿಗೆ ಹೋದಾನು? ಎರಡು ಖಾತೆಗಳಲ್ಲಿ ಒಂದೇ ಕೆಲಸ ಮಾಡಲು ಹೊರಟ ಸಚಿವರು ನಮ್ಮಲ್ಲಿ ಹೆಚ್ಚಿಲ್ಲ.

ಆಮೇಲಿನ ಅವರ ರಾಜಕೀಯ ಜೀವನದಲ್ಲಿ ಏಳುಬೀಳುಗಳಿದ್ದವು, ಅದರ ವಿವರ ಇಲ್ಲಿ ಬೇಡ. 1992ರಲ್ಲಿ ಅವರು ತೀರಿಕೊಂಡರು. ಮರುವರ್ಷ ಸಂಸತ್ತು ಕೈಯಿಂದ ಮಲ ಬಾಚುವವರ ನೇಮಕ ಮತ್ತು ಒಣ ಕಕ್ಕಸುಗಳ ನಿರ್ಮಾಣವನ್ನು ನಿಷೇಧಿಸುವ ಕಾಯ್ದೆ ಮಾಡಿತು. ಅದು ಜಾರಿಗೆ ಬಂದದ್ದು 1997ರ ಜನವರಿ 26ರಂದು, ಕರ್ನಾಟಕವೂ ಸೇರಿದಂತೆ ಮೊದಲಿಗೆ ಕೆಲವೇ ರಾಜ್ಯಗಳಲ್ಲಿ.

ಅವರಿಲ್ಲದ ಮೇಲೆ ನಡೆದದ್ದನ್ನು ಹೇಳದೆ ಅವರ ಕೆಲಸದ ಅಳತೆ ಸಿಗುವುದಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಮ್ಮನ್ನು ಮನೆಗಳಿಂದ ಒಕ್ಕಲೆಬ್ಬಿಸುತ್ತಾರೆಂದು ನೊಂದ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆಜ್ಞೆ ಹೊರಟು ಮೂರೂವರೆ ದಶಕಗಳಾಗಿದ್ದವು. ಮರುವರ್ಷ ಕೆಜಿಎಫ್‌ನಲ್ಲಿ ಶೌಚಗುಂಡಿಗೆ ಇಳಿದ ಮೂವರು ಸತ್ತರು. 2011ರ ಜನಗಣತಿ ದೇಶದಲ್ಲಿ ಸುಮಾರು 7.94 ಲಕ್ಷ ಮನೆಗಳ ಕಕ್ಕಸುಗಳಿಂದ ಮನುಷ್ಯರೇ ಮಲ ತೆಗೆಯುತ್ತಿದ್ದುದನ್ನು ದಾಖಲಿಸಿತು. 2013ರಲ್ಲಿ ಇನ್ನೊಂದು, ಹೆಚ್ಚು ವಿಸ್ತಾರವಾದ ಕಾಯ್ದೆ ಬಂತು. ಒಳಚರಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಬುಟ್ಟಿ ತಲೆಯಿಂದ ಇಳಿದದ್ದು ನಿಜ. ಆದರೆ ಮನುಷ್ಯ ಗುಂಡಿಗೆ ಇಳಿದ. ಕಕ್ಕಸಿನ ವಿನ್ಯಾಸ ಬದಲಾದಂತೆ ಕೆಲಸದ ಜಾಗ ಬದಲಾಯಿತೇ ಹೊರತು ಕೆಲಸ ಮಾಡುವವರ ಜಾತಿ ಬದಲಾದದ್ದು ಅಪರೂಪ.

ನಮ್ಮ ಮೂರು ಊರುಗಳ ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯಂತೆ ತುಮಕೂರು ನಗರದ ಜನಸಂಖ್ಯೆ 3.02 ಲಕ್ಷ, ಕುಣಿಗಲ್ಲಿನದು ಸುಮಾರು 34 ಸಾವಿರ, ಗುಬ್ಬಿಯದು ಸುಮಾರು 18 ಸಾವಿರ. ಸಾಲಪ್ಪ ವರದಿಯ ಅಳತೆಯಲ್ಲಿ ತುಮಕೂರಿಗೆ 604, ಕುಣಿಗಲ್ಲಿಗೆ 68, ಗುಬ್ಬಿಗೆ 36 ಮಂದಿ ಬೇಕು. ಸರ್ಕಾರ ಮುಂದೆ ಈ ಅಳತೆಯನ್ನು 700 ಜನರಿಗೆ ಒಬ್ಬರೆಂದು ಸಡಿಲಿಸಿತು. ಅದರಂತೆ ತುಮಕೂರಿಗೆ 432 ಸಾಕು. ಒಂದು ಗುಣಾಕಾರದಲ್ಲಿ 172 ಜನ ಕಡಿಮೆಯಾದರು. ಆಟೊ ಟಿಪ್ಪರುಗಳು ಬಂದಿವೆ, ಯಂತ್ರಗಳಿವೆ ಎಂಬ ಸಮರ್ಥನೆ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಈ ಲೆಕ್ಕ ನಡೆಯುವುದು ಹತ್ತು ವರ್ಷಕ್ಕೊಮ್ಮೆ ಎಣಿಸಿದ ಜನಸಂಖ್ಯೆಯ ಮೇಲೆ. 2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ. ನಗರವಾದರೋ ಹೆದ್ದಾರಿಯ ಎರಡೂ ಬದಿಗೆ ಬೆಳೆಯುತ್ತಲೇ ಇದೆ. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಯಲ್ಲಿ ತೇರಿನ ಮರುದಿನ ಬೀದಿಯಲ್ಲಿ ಬಿದ್ದಿರುವ ಎಲೆ, ಲೋಟ, ಬಾಳೆಹಣ್ಣಿನ ಸಿಪ್ಪೆಗಳನ್ನು ಯಾವ ಗಣತಿಯ ಸೂತ್ರವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಜೆಯ ಹೊತ್ತಿಗೆ ಬೀದಿ ಮಾತ್ರ ಚೊಕ್ಕಟವಾಗಿರುತ್ತದೆ.

ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ನಗರದ ಕಸ ಅಜ್ಜಗೊಂಡನಹಳ್ಳಿಯ ಘಟಕಕ್ಕೆ ಹೋಗುತ್ತದೆ. ಅಲ್ಲಿಯ ಸುತ್ತಮುತ್ತಲಿನ ಹಳ್ಳಿಯವರು ನಾತ, ನೊಣ, ಅಂತರ್ಜಲದ ಬಗ್ಗೆ ಹೋರಾಡಿದ್ದಾರೆ. ಬೆಂಗಳೂರಿನವರಿಗೆ ಮಾವಳ್ಳಿಪುರ, ಮಂಡೂರುಗಳ ಕಥೆ ಗೊತ್ತಿರುವುದರಿಂದ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿತ್ತಿಲ ಓಣಿ ಈಗ ಊರಾಚೆಗೆ ಸರಿದಿದೆ ಎನ್ನಿಸುತ್ತದೆ.

ಪೌರಕಾರ್ಮಿಕರ ವಿಷಯದಲ್ಲಿ ಬಸವಲಿಂಗಪ್ಪನವರ ನಂತರದ ದೊಡ್ಡ ಬದಲಾವಣೆ ಗುತ್ತಿಗೆಯದು. ತೊಂಬತ್ತರ ದಶಕದಿಂದ ನಗರಸಭೆಗಳು ಕಾಯಂ ನೇಮಕ ನಿಲ್ಲಿಸಿ ಗುತ್ತಿಗೆದಾರರಿಗೆ ಕೆಲಸ ವಹಿಸಿದವು. ಮಿತವ್ಯಯವೆಂಬುದು ಕಾರಣ. ಅವರು ಹರಿದುಹಾಕಲು ಯತ್ನಿಸಿದ ಸಂಬಳದ ಪಟ್ಟಿಯಲ್ಲಿ ಕನಿಷ್ಠಪಕ್ಷ ಸರ್ಕಾರ ಯಜಮಾನನಾಗಿ ಕಾಣುತ್ತಿತ್ತು. ಗುತ್ತಿಗೆಯಲ್ಲಿ ಯಜಮಾನನೂ ಮರೆಯಾದ. ಹಾಜರಿ ಪುಸ್ತಕದಲ್ಲಿ ಇರುವ ಹೆಸರು ಬೀದಿಯಲ್ಲಿ ಇಲ್ಲ, ಬೀದಿಯಲ್ಲಿ ಇರುವವರ ಭವಿಷ್ಯನಿಧಿ ಬ್ಯಾಂಕಿನಲ್ಲಿ ಇಲ್ಲ ಎಂಬ ದೂರುಗಳು ರಾಜ್ಯದುದ್ದಕ್ಕೂ ಕೇಳಿಬಂದವು. 2017ರಲ್ಲಿ ಸರ್ಕಾರ ಗುತ್ತಿಗೆ ಬಿಟ್ಟು ನೇರ ಪಾವತಿಗೆ ಬರಲು ನಿರ್ಧರಿಸಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕುಳಿತಾಗ ನಾಲ್ಕೇ ದಿನಕ್ಕೆ ನಗರಗಳ ಮೂಲೆಗಳಲ್ಲಿ ಕಸದ ಗುಡ್ಡೆ ಎದ್ದವು. ಆ ಬಳಿಕ ಮೊದಲ ಹಂತದಲ್ಲಿ 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಬಂತು. ಬೀದಿ ಗುಡಿಸುವವರು ಆ ಪಟ್ಟಿಯಲ್ಲಿದ್ದರು. ಕಸದ ಗಾಡಿಯ ಚಾಲಕರು, ಲೋಡರುಗಳು, ಒಳಚರಂಡಿಯ ಸಹಾಯಕರು ಅದಕ್ಕೆ ಸೇರಲಿಲ್ಲ. ಮ್ಯಾನ್‌ಹೋಲಿನ ಅಂಚಿನಲ್ಲಿ ನಿಲ್ಲುವ ಆ ಕೊನೆಯವನೇ 1972ರ ಸಚಿವರ ಕಣ್ಣಿಗೆ ಮೊದಲು ಬಿದ್ದವನ ಇಂದಿನ ವಾರಸುದಾರ.

ಸೆಪ್ಟೆಂಬರ್ 23ನ್ನು ರಾಜ್ಯ ಪೌರಕಾರ್ಮಿಕರ ದಿನವೆಂದು ಆಚರಿಸುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲೂ ಅಂದು ಶಾಲು, ಹಾರ, ಊಟಗಳಿರುತ್ತವೆ. ವೇದಿಕೆಯ ಹಿಂದಿನ ಬಟ್ಟೆಯಲ್ಲಿ ಗಾಂಧೀಜಿ, ಅಂಬೇಡ್ಕರ್ ಇರುತ್ತಾರೆ. ಅವರ ಪಕ್ಕದಲ್ಲಿ ಬಿಡದಿಯ ಆ ವಕೀಲರ ಪಟವೊಂದನ್ನು ಇಡಲು ಹೆಚ್ಚು ಖರ್ಚಾಗದು. ಹಾಗೆ ಇಟ್ಟ ದಿನ ಕಾರ್ಯಕ್ರಮದ ಆಹ್ವಾನ ಪತ್ರಿಕೆಯಲ್ಲಿ ಸಂಬಳದ ಬಾಕಿ, ಖಾಲಿ ಹುದ್ದೆ, ಹೀರುವ ಯಂತ್ರಗಳ ಸಂಖ್ಯೆ, ಈ ಮೂರನ್ನೂ ಅಚ್ಚು ಹಾಕಿಸಿ ಹಂಚಿದರೆ ಅವರು ಅದನ್ನು ಹಾರಕ್ಕಿಂತ ಗಮನವಿಟ್ಟು ನೋಡುತ್ತಿದ್ದರೆಂದು ನನಗನ್ನಿಸುತ್ತದೆ.